16 ಗಂಟೆ ಉಪವಾಸ, ಭುಜದ ಮೇಲೆ 60 ಕೆಜಿ: ಎರಡೂ ಒಟ್ಟಿಗೆ ನಡೆಯುತ್ತಾ?

2025ರ ಜೂನ್ ಮತ್ತು ಆಗಸ್ಟ್ ನಡುವೆ ಉಪವಾಸದ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. ಮೊದಲನೆಯದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ. 99 ಪ್ರಯೋಗಗಳು, ಒಟ್ಟು 6,582 ಜನ. ಅವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದು ಇಷ್ಟು: ತೂಕ ಇಳಿಸಲು ಇಂಟರ್‌ಮಿಟೆಂಟ್ ಫಾಸ್ಟಿಂಗ್ (ಐಎಫ್, ಅಂದರೆ ಗೊತ್ತಾದ ಹೊತ್ತು ಅಥವಾ ದಿನ ಊಟ ಬಿಡುವುದು) ನಡೆಯುತ್ತದೆ, ಆದರೆ ದಿನಾ ಸ್ವಲ್ಪ ಕಡಿಮೆ ತಿನ್ನುವ ಹಳೆಯ ಡಯೆಟ್‌ಗಿಂತ ಅಂಥ ಹೆಚ್ಚಿನದೇನೂ ಇಲ್ಲ. ಎರಡನೆಯದು ಆಗಸ್ಟ್‌ನದು. ದಿನದ ಊಟವನ್ನೆಲ್ಲ 8 ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸುವವರಿಗೆ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 135% ಜಾಸ್ತಿ ಅಂತ.

ಆ ಎರಡನೇ ಸುದ್ದಿ ಬೆಂಗಳೂರಿಗೆ ಬಂದ ಹೊತ್ತೇ ಕೆಟ್ಟದಾಗಿತ್ತು. ಹಾಸನ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಸಾಲುಸಾಲಾಗಿ ಬಂದು, ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಕ್ಯೂ ನಿಂತು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅದಕ್ಕೂ ಹಿಂದೆ, 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮೇಲೆ, ಜಿಮ್ ಮತ್ತು ಹೃದಯ ಎಂಬ ಎರಡು ಮಾತು ಒಟ್ಟಿಗೆ ಕೇಳಿದರೆ ಈ ಊರಿಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಹಾಗಾಗಿ 135% ಎಂಬ ಅಂಕಿ ಮನೆಮನೆಯ ವಾಟ್ಸಾಪ್ ಗುಂಪಿಗೆ ನುಗ್ಗಿತು. ಜಿಮ್‌ನಲ್ಲಿ ಟ್ರೇನರ್ 'ಐಎಫ್ ಮಾಡಿ ಸಾರ್' ಅನ್ನುತ್ತಾರೆ. ಮನೆಯಲ್ಲಿ ಅಮ್ಮ 'ಹಸಿದುಕೊಂಡು ಭಾರ ಎತ್ತಬೇಡ ಕಣೋ' ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಒಂದೊಂದು ಸುದ್ದಿಯ ತುಣುಕು ಇದೆ.

ತಮಾಷೆ ಏನೆಂದರೆ, ಭಾರ ಎತ್ತುವವರು ಕೇಳುವ ಪ್ರಶ್ನೆಗೆ ಈ ಎರಡು ಸುದ್ದಿಯಲ್ಲೂ ಉತ್ತರ ಇಲ್ಲ. ಬಿಎಂಜೆಯ ಲೆಕ್ಕದಲ್ಲಿದ್ದವರಲ್ಲಿ ಬಹುತೇಕರು ತೂಕ ಜಾಸ್ತಿ ಇದ್ದವರು, ಇಲ್ಲವೇ ಆಗಲೇ ಯಾವುದೋ ಕಾಯಿಲೆ ಇದ್ದವರು. ಆಗಸ್ಟ್‌ನ ಲೆಕ್ಕದಲ್ಲಿದ್ದವರು ಅಮೆರಿಕದ ಸಾಮಾನ್ಯ ಜನ. ವಾರಕ್ಕೆ ನಾಲ್ಕು ದಿನ ಡೆಡ್‌ಲಿಫ್ಟ್ ಮಾಡುವ 28ರ ಹುಡುಗನಿಗೋ, ಸ್ಕ್ವಾಟ್ ಕಲಿಯುತ್ತಿರುವ 40ರ ಗೃಹಿಣಿಗೋ ಇವೆರಡೂ ನೇರವಾಗಿ ಏನನ್ನೂ ಹೇಳುವುದಿಲ್ಲ.

ಆ 135% ಎಲ್ಲಿಂದ ಬಂತು?

ಅಮೆರಿಕದ ಸರ್ಕಾರ ಪ್ರತಿ ವರ್ಷ ಜನರ ಆರೋಗ್ಯ ಮತ್ತು ಊಟದ ಸಮೀಕ್ಷೆ ಮಾಡುತ್ತದೆ. 2003ರಿಂದ 2018ರವರೆಗಿನ ಆ ಮಾಹಿತಿಯನ್ನು ಶಾಂಘೈನ ಸಂಶೋಧಕರು ತೆಗೆದುಕೊಂಡರು. 19 ಸಾವಿರಕ್ಕೂ ಹೆಚ್ಚು ಜನ. 'ನಿನ್ನೆ ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ' ಎಂದು ಎರಡು ದಿನ ಕೇಳಿದ ಉತ್ತರವೇ ಇದರ ಅಡಿಪಾಯ. ಆಮೇಲೆ ವರ್ಷಗಟ್ಟಲೆ ಕಾದು, ಯಾರು ಯಾವ ಕಾರಣಕ್ಕೆ ತೀರಿಕೊಂಡರು ಎಂಬುದನ್ನು ಅದಕ್ಕೆ ಜೋಡಿಸಿದರು.

ತೊಡಕು ಇಲ್ಲೇ ಶುರುವಾಗುತ್ತದೆ. ಎರಡು ದಿನದ ಊಟದ ಹೊತ್ತು ನೋಡಿ ಹತ್ತು ವರ್ಷದ ಅಭ್ಯಾಸ ಹೇಳಲಾಗದು. ಆ ದಿನ ಒಬ್ಬರಿಗೆ ಜ್ವರ ಇದ್ದಿರಬಹುದು, ಇನ್ನೊಬ್ಬರು ಎರಡೆರಡು ಕೆಲಸದ ನಡುವೆ ಓಡುತ್ತಿದ್ದಿರಬಹುದು. 8 ಗಂಟೆಯೊಳಗೆ ಊಟ ಮುಗಿಸಿದವರೆಲ್ಲ ಬೇಕೆಂದೇ ಉಪವಾಸ ಮಾಡಿದವರಲ್ಲ, ಹೊಟ್ಟೆಗೆ ಸೇರದೆ ಬಿಟ್ಟವರೂ ಅವರಲ್ಲಿರಬಹುದು. ಇಂಥವರ ಸಂಖ್ಯೆಯೂ ಚಿಕ್ಕದೇ. ಇದೇ ಲೆಕ್ಕದ ಮೊದಲ ಆವೃತ್ತಿ 2024ರ ಮಾರ್ಚ್‌ನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಸಭೆಯಲ್ಲಿ ಬಂದಾಗ ಅಪಾಯ 91% ಜಾಸ್ತಿ ಎಂದಿದ್ದರು. ಆಗ 20 ಸಾವಿರ ಜನರಲ್ಲಿ ಈ ಗುಂಪಿನವರು 414 ಮಂದಿ ಮಾತ್ರ. ಇಷ್ಟು ಕಡಿಮೆ ಜನ ಇದ್ದಾಗ ಲೆಕ್ಕದ ಕ್ರಮ ಸ್ವಲ್ಪ ಬದಲಾದರೂ ಅಂಕಿ ಮೇಲೆ ಕೆಳಗೆ ಆಗುತ್ತದೆ.

ಇನ್ನು ಶೇಕಡಾ ಲೆಕ್ಕದ ಆಟ. ಒಂದು ಗುಂಪಿನ ಸಾವಿರ ಜನರಲ್ಲಿ ಇಬ್ಬರಿಗೆ ಆಗುವುದು ಇನ್ನೊಂದು ಗುಂಪಿನಲ್ಲಿ ಐವರಿಗಿಂತ ಕೊಂಚ ಕಡಿಮೆ ಜನರಿಗೆ ಆದರೆ, ಅದೂ 135% ಹೆಚ್ಚಳವೇ. ಇದು ಸುಮ್ನೆ ಉದಾಹರಣೆ, ಆ ಸಂಶೋಧನೆಯ ಅಂಕಿಯಲ್ಲ. ಜೊತೆಗೆ ಒಟ್ಟಾರೆ ಸಾವಿನ ಲೆಕ್ಕದಲ್ಲಿ ಇಷ್ಟು ಗಟ್ಟಿ ಸಂಬಂಧ ಅವರಿಗೇ ಸಿಗಲಿಲ್ಲ.

ಹಾಗಂತ ಇದನ್ನು ಕಸದಬುಟ್ಟಿಗೆ ಹಾಕುವಂತಿಲ್ಲ. 8 ಗಂಟೆಯ ಗುಂಪಿನವರಲ್ಲಿ ಸ್ನಾಯುವಿನ ಪ್ರಮಾಣ ಕಡಿಮೆ ಇತ್ತು ಎಂದು 2024ರಲ್ಲಿ ಸಂಶೋಧಕರೇ ಹೇಳಿದ್ದರು. ಕಡಿಮೆ ಹೊತ್ತು ತಿಂದದ್ದರಿಂದ ಸ್ನಾಯು ಕಡಿಮೆಯಾಯಿತೋ, ಮೊದಲೇ ಸೊರಗಿದವರು ಕಡಿಮೆ ತಿನ್ನುತ್ತಿದ್ದರೋ ಎನ್ನುವುದು ಇಂಥ ಸಮೀಕ್ಷೆಯಿಂದ ಗೊತ್ತಾಗದು. ಸುದ್ದಿಯವರು 135% ಹಿಡಿದುಕೊಂಡರು. ಭಾರ ಎತ್ತುವವರು ಕಿವಿಗೊಡಬೇಕಾದದ್ದು ಈ ಸ್ನಾಯುವಿನ ಮಾತಿಗೆ.

ಒಪ್ಪತ್ತು ಹಳೆಯದು, 16:8 ಹೊಸದು

ಒಪ್ಪತ್ತು ಉಂಡವ ಯೋಗಿ, ಎರಡೊತ್ತು ಉಂಡವ ಭೋಗಿ, ಮೂರೊತ್ತು ಉಂಡವ ರೋಗಿ. ಈ ಗಾದೆ ಗೊತ್ತಿಲ್ಲದ ಕನ್ನಡದ ಮನೆ ಇಲ್ಲ. ಏಕಾದಶಿ, ಶಿವರಾತ್ರಿ, ಶನಿವಾರದ ಒಪ್ಪತ್ತು ಎಲ್ಲ ನಮಗೆ ಮಾಮೂಲು. ಚಿಕ್ಕಪೇಟೆಯ ಎಷ್ಟೋ ಜೈನರ ಮನೆಯಲ್ಲಿ ಇವತ್ತಿಗೂ ಸೂರ್ಯ ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಹಾಗಾಗಿ 16:8, ಅಂದರೆ 16 ಗಂಟೆ ಉಪವಾಸ, 8 ಗಂಟೆಯೊಳಗೆ ಊಟ ಎಂಬ ಕ್ರಮ ಬಂದಾಗ 'ಅಯ್ಯೋ, ಇದು ನಮ್ಮಜ್ಜಿ ಮಾಡ್ತಿದ್ದಿದ್ದೇ ಅಲ್ವಾ' ಅಂದುಕೊಂಡವರು ಬಹಳ.

ಆದರೆ ಗಾದೆಯನ್ನು ಮತ್ತೊಮ್ಮೆ ನೋಡಿ. ಒಪ್ಪತ್ತು ಉಣ್ಣುವವ ಯೋಗಿ, ಪೈಲ್ವಾನ ಅಲ್ಲ. ಗರಡಿ ಮನೆಯ ಪದ್ಧತಿಯೇ ಬೇರೆ. ಅಲ್ಲಿ ಹಾಲು, ತುಪ್ಪ, ಬಾದಾಮಿ, ಮೊಟ್ಟೆ, ಮಾಂಸ. ಮಣ್ಣಿನಲ್ಲಿ ಹೊರಳಿ ಎದ್ದ ಹುಡುಗನಿಗೆ ಉಪವಾಸ ಮಾಡು ಅಂತ ಯಾವ ಉಸ್ತಾದರೂ ಹೇಳುತ್ತಿರಲಿಲ್ಲ. ನಮ್ಮಲ್ಲಿ ಉಪವಾಸ ಒಂದು ದಾರಿ, ಮೈ ಬೆಳೆಸುವುದು ಇನ್ನೊಂದು ದಾರಿ. ಎರಡನ್ನೂ ಒಂದೇ ದಿನಚರಿಗೆ ಹಾಕಿದ್ದು ಈ ಕಾಲದವರು.

ಹಾಕಿದ್ದು ಯಾರು ಅಂದರೆ, ಮುಖ್ಯವಾಗಿ ಸ್ವೀಡನ್ನಿನ ಮಾರ್ಟಿನ್ ಬರ್ಖಾನ್. 16 ಗಂಟೆ ಬಿಟ್ಟು 8 ಗಂಟೆಯೊಳಗೆ ತಿನ್ನುವ ಕ್ರಮವನ್ನು ಭಾರ ಎತ್ತುವವರ ನಡುವೆ 'ಲೀನ್‌ಗೇನ್ಸ್' ಎಂಬ ಹೆಸರಿನಲ್ಲಿ ಹಬ್ಬಿಸಿದವರು ಅವರು. ಅಂದರೆ ಈಗ ಇಡೀ ಜಗತ್ತು ತೂಕ ಇಳಿಸಲು ಮಾಡುವ 16:8 ಹುಟ್ಟಿದ್ದೇ ಜಿಮ್‌ನ ಪಕ್ಕದಲ್ಲಿ. ಅವರ ಕ್ರಮದಲ್ಲಿ ಪ್ರೋಟೀನ್ ತುಂಬ ಜಾಸ್ತಿ ಇತ್ತು, ಭಾರ ಎತ್ತುವುದು ಕಡ್ಡಾಯವಿತ್ತು. ಊರೂರು ತಿರುಗುವಾಗ ಅವೆರಡೂ ದಾರಿಯಲ್ಲಿ ಉದುರಿಹೋಗಿ ಗಡಿಯಾರ ಮಾತ್ರ ಉಳಿಯಿತು.

ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು 2012ರಲ್ಲಿ. ಒಡಿಶಾ ಮೂಲದ ಸಚ್ಚಿದಾನಂದ ಪಂಡಾ ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಒಂದೇ ಪ್ರಮಾಣದ ಕೊಬ್ಬಿನ ಆಹಾರ ಕೊಟ್ಟರೂ, 8 ಗಂಟೆಯೊಳಗೆ ತಿಂದ ಇಲಿಗಳು ದಿನವಿಡೀ ತಿಂದ ಇಲಿಗಳಷ್ಟು ದಪ್ಪವಾಗಲಿಲ್ಲ. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿಗೆ ಆಟೋಫೇಜಿಯ ಕೆಲಸಕ್ಕೆ ನೊಬೆಲ್ ಬಂತು. ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸುವ ಕೆಲಸ ಅದು. ಅವರು ಅದನ್ನು ಬಿಡಿಸಿದ್ದು ಯೀಸ್ಟ್‌ನಲ್ಲಿ. 'ಐಎಫ್‌ಗೆ ನೊಬೆಲ್ ಬಂದಿದೆ' ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಬಹುದು.

ಹೊಟ್ಟೆ ಖಾಲಿ ಇದ್ದಾಗ ಸ್ನಾಯುವಿನಲ್ಲಿ ಏನು ನಡೆಯುತ್ತದೆ?

ಸ್ನಾಯು ಗೋಡೆಯಂತೆ ಕಟ್ಟಿ ಬಿಟ್ಟದ್ದಲ್ಲ. ದಿನವಿಡೀ ಒಂದು ಕಡೆ ಕಟ್ಟುತ್ತಾ, ಇನ್ನೊಂದು ಕಡೆ ಒಡೆಯುತ್ತಾ ಇರುತ್ತದೆ. ಪ್ರೋಟೀನ್ ತಿಂದ ಮೇಲೆ ಕಟ್ಟುವ ಕೆಲಸ ಮುಂದೆ. ಗಂಟೆಗಟ್ಟಲೆ ತಿನ್ನದಿದ್ದರೆ ಒಡೆಯುವ ಕೆಲಸ ಮುಂದೆ. ರಾತ್ರಿ ಮಲಗಿದಾಗ ಎಲ್ಲರಿಗೂ ಹೀಗೇ ಆಗುತ್ತದೆ. ಬೆಳಗಿನ ಊಟದಿಂದ ಮತ್ತೆ ತೂಗುತ್ತದೆ. ವಾರ, ತಿಂಗಳ ಕೊನೆಗೆ ಯಾವ ಕಡೆ ಉಳಿಕೆ ಇದೆ ಎನ್ನುವುದರ ಮೇಲೆ ಸ್ನಾಯು ಬೆಳೆಯುವುದೋ ಕರಗುವುದೋ ನಿಂತಿದೆ.

ಭಾರ ಎತ್ತಿದಾಗ ಎರಡೂ ಕೆಲಸ ಚುರುಕಾಗುತ್ತವೆ. ಒಂದು ಗಟ್ಟಿ ವ್ಯಾಯಾಮದ ನಂತರ ಕಟ್ಟುವ ಕೆಲಸ ಒಂದು ದಿನಕ್ಕೂ ಹೆಚ್ಚು, ಕೆಲವೊಮ್ಮೆ 48 ಗಂಟೆಯವರೆಗೂ ಏರಿದ ಮಟ್ಟದಲ್ಲೇ ಇರುತ್ತದೆ. ಆದರೆ ಹೊಟ್ಟೆ ಖಾಲಿ ಇದ್ದರೆ ಒಡೆಯುವುದೂ ಏರಿರುವುದರಿಂದ, ತಿನ್ನುವ ತನಕ ಲೆಕ್ಕ ನಷ್ಟದಲ್ಲೇ ಇರುತ್ತದೆ. ಮೇಸ್ತ್ರಿ ಬಂದಿದ್ದಾನೆ, ಇಟ್ಟಿಗೆ ಬಂದಿಲ್ಲ. ಇಟ್ಟಿಗೆ ಸ್ವಲ್ಪ ತಡವಾಗಿ ಬಂದರೂ ಮೇಸ್ತ್ರಿ ಕಾಯುತ್ತಾನೆ. ಬರಬೇಕಾದಷ್ಟು ಬರದೇ ಹೋದರೆ ಮಾತ್ರ ಗೋಡೆ ಏಳುವುದಿಲ್ಲ.

ಖಾಲಿ ಹೊಟ್ಟೆಯಲ್ಲಿ ಶಕ್ತಿಯೇ ಇರಲ್ಲ ಎನ್ನುವುದು ಇನ್ನೊಂದು ಹೆದರಿಕೆ. ಅದು ಅಷ್ಟು ನಿಜವಲ್ಲ. ರಾತ್ರಿಯ ಉಪವಾಸದಲ್ಲಿ ಖರ್ಚಾಗುವುದು ಯಕೃತ್ತಿನಲ್ಲಿರುವ ಸುಮಾರು 100 ಗ್ರಾಂ ಸಕ್ಕರೆಯ ದಾಸ್ತಾನು. ಸ್ನಾಯುವಿನೊಳಗೆ ಅದರ ನಾಲ್ಕೈದು ಪಟ್ಟು ಇರುತ್ತದೆ, ಅದು ಹಾಗೇ ಇರುತ್ತದೆ. ಹಿಂದಿನ ರಾತ್ರಿ ಸರಿಯಾಗಿ ಉಂಡವರಿಗೆ ಒಂದು ಗಂಟೆಯ ಸೆಟ್ಟುಗಳಿಗೆ ಅದು ಸಾಕು. ತಲೆ ಸುತ್ತುವುದು, ಕೈ ನಡುಗುವುದು ಬೇರೆ ವಿಷಯ. ಅದು ಕೆಲವರಿಗೆ ಆಗುತ್ತದೆ. ಆದವರು ತಿಂದು ಎತ್ತಬೇಕು, ಅದರಲ್ಲಿ ವಾದ ಬೇಡ.

ಕರಗುತ್ತೆ ಎನ್ನುವವರು, ಕರಗಲ್ಲ ಎನ್ನುವವರು

ಎರಡೂ ಕಡೆಯವರ ಕೈಯಲ್ಲಿ ನಿಜವಾದ ಪ್ರಯೋಗಗಳಿವೆ. ಗೊಂದಲ ಆಗುವುದೇ ಅದಕ್ಕೆ.

ಕರಗುತ್ತದೆ ಎನ್ನುವವರು ತೋರಿಸುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಟ್ರೀಟ್ ಎಂಬ ಪ್ರಯೋಗವನ್ನು. 116 ಜನ, 12 ವಾರ. ಅರ್ಧ ಜನ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಮಾತ್ರ ತಿಂದರು. ಅವರು ಇಳಿಸಿದ್ದು 0.94 ಕೆಜಿ, ಮೂರು ಹೊತ್ತು ತಿಂದವರು ಇಳಿಸಿದ್ದು 0.68 ಕೆಜಿ. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಕೆಲವರನ್ನು ಕರೆಸಿ ಮೈಯ ಕೊಬ್ಬು, ಸ್ನಾಯು ಬೇರೆಬೇರೆ ಅಳೆದಾಗ ನಿಜವಾದ ಆತಂಕ ಕಂಡಿತು. ಉಪವಾಸದವರು ಕಳೆದುಕೊಂಡ 1.7 ಕೆಜಿಯಲ್ಲಿ 1.1 ಕೆಜಿ ಕೊಬ್ಬಲ್ಲದ್ದು. ಸಾಮಾನ್ಯ ಡಯೆಟ್‌ನಲ್ಲಿ ಈ ಪಾಲು ಕಾಲುಭಾಗದ ಆಸುಪಾಸು ಇರುತ್ತದೆ. ಇಲ್ಲಿ ಮೂರರಲ್ಲಿ ಎರಡು ಪಾಲು. ಈ ಪ್ರಯೋಗ ನಡೆಸಿದ ವೈದ್ಯರಲ್ಲಿ ಒಬ್ಬರಾದ ಈಥನ್ ವೈಸ್ ಸ್ವತಃ ವರ್ಷಗಳಿಂದ ಉಪವಾಸ ಮಾಡುತ್ತಿದ್ದವರು, ಫಲಿತಾಂಶ ನೋಡಿ ಬಿಟ್ಟುಬಿಟ್ಟರು.

ಕರಗಲ್ಲ ಎನ್ನುವವರು ತೋರಿಸುವುದು 2016ರಲ್ಲಿ ಇಟಲಿಯ ಪಡೋವಾದಿಂದ ಬಂದ ಪ್ರಯೋಗವನ್ನು. 34 ಗಂಡಸರು, ಎಲ್ಲರೂ ವರ್ಷಗಳಿಂದ ಭಾರ ಎತ್ತಿದವರು. ಎಂಟು ವಾರ. ಒಂದು ಗುಂಪು ಮಧ್ಯಾಹ್ನ 1, ಸಂಜೆ 4, ರಾತ್ರಿ 8ಕ್ಕೆ ತಿಂದಿತು. ಇನ್ನೊಂದು ಬೆಳಗ್ಗೆ 8, ಮಧ್ಯಾಹ್ನ 1, ರಾತ್ರಿ 8ಕ್ಕೆ. ಕ್ಯಾಲೊರಿ, ಪ್ರೋಟೀನ್ ಎರಡೂ ಕಡೆ ಸುಮಾರು ಒಂದೇ. ಉಪವಾಸದವರ ಕೊಬ್ಬು ಸರಾಸರಿ 1.6 ಕೆಜಿ ಇಳಿಯಿತು. ಸ್ನಾಯು ಮತ್ತು ಬಲ ಎರಡೂ ಗುಂಪಿನಲ್ಲಿ ಹಾಗೇ ಉಳಿದವು. ಟೆಸ್ಟೋಸ್ಟೆರಾನ್ ಮಾತ್ರ ಉಪವಾಸದವರಲ್ಲಿ ತಗ್ಗಿತು, ಆದರೆ ಅದರ ಪರಿಣಾಮ ಆ ಎರಡು ತಿಂಗಳಲ್ಲಿ ಬಲದ ಮೇಲೆ ಕಾಣಲಿಲ್ಲ.

ಇವೆರಡರ ನಡುವೆ ಏನು ಬದಲಾಯಿತು? ಗಡಿಯಾರ ಹೆಚ್ಚೂಕಡಿಮೆ ಒಂದೇ. ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಭಾರ ಎತ್ತಿ ಎಂದೂ ಹೇಳಿರಲಿಲ್ಲ, ಇಷ್ಟು ಪ್ರೋಟೀನ್ ತಿನ್ನಿ ಎಂದೂ ಹೇಳಿರಲಿಲ್ಲ. ಪಡೋವಾದವರಿಗೆ ಎರಡೂ ಇತ್ತು.

ಈ ಊಹೆ ಸರಿಯೇ ಎಂದು ನೋಡಲು ಮೂರನೆಯ ಪ್ರಯೋಗ ಬೇಕಾಗುತ್ತದೆ, ಅದೂ ಇದೆ. ಅಮೆರಿಕದ ಸಂಶೋಧಕ ಗ್ರಾಂಟ್ ಟಿನ್ಸ್ಲಿ 2017ರಲ್ಲಿ ಪ್ರಕಟಿಸಿದ್ದು. ಕೊನೆಯವರೆಗೆ ಉಳಿದವರು 18 ಯುವಕರು. ಎಲ್ಲರೂ ಭಾರ ಎತ್ತಿದರು. ಅರ್ಧದಷ್ಟು ಜನ ವ್ಯಾಯಾಮ ಇಲ್ಲದ ದಿನ 4 ಗಂಟೆಯೊಳಗೆ ಮಾತ್ರ ತಿಂದರು, ಏನು ಬೇಕಾದರೂ ತಿನ್ನಿ ಎಂದಿದ್ದರು. 4 ಗಂಟೆಯಲ್ಲಿ ಎಷ್ಟು ತಿನ್ನಲು ಸಾಧ್ಯ? ಆ ದಿನಗಳಲ್ಲಿ ಸುಮಾರು 650 ಕ್ಯಾಲೊರಿ ಕಡಿಮೆಯಾಯಿತು, ಪ್ರೋಟೀನೂ ಇಳಿಯಿತು. ಎಂಟು ವಾರದ ನಂತರ ಬಲ ಇಬ್ಬರಿಗೂ ಏರಿತು. ಆದರೆ ಮಾಮೂಲಿ ತಿಂದವರ ಮೈಯಲ್ಲಿ ಕೊಬ್ಬಲ್ಲದ ತೂಕ ಸರಾಸರಿ 2.3 ಕೆಜಿ ಏರಿದರೆ, ಉಪವಾಸದವರದು ಇದ್ದಲ್ಲೇ ನಿಂತಿತು. ಜನ ಕಡಿಮೆ ಇದ್ದುದರಿಂದ ಇದನ್ನು ಗಟ್ಟಿ ಪುರಾವೆ ಎನ್ನಲಾಗದು. 2019ರಲ್ಲಿ ಅವರೇ ಹೆಂಗಸರ ಜೊತೆ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ 8 ಗಂಟೆ ಅವಧಿ, ಪ್ರೋಟೀನ್ ಗುರಿ ಮೊದಲೇ ಹಾಕಿಕೊಟ್ಟರು. ಉಪವಾಸ ಮಾಡಿದವರೂ ಮಾಡದವರೂ ಸುಮಾರು ಒಂದೇ ಸಮ ಸ್ನಾಯು ಬೆಳೆಸಿದರು.

ಅಂದರೆ ಸ್ನಾಯು ಕರಗಿಸುವುದು ಉಪವಾಸ ಅಲ್ಲ, ಉಪವಾಸದ ಹೆಸರಲ್ಲಿ ಸದ್ದಿಲ್ಲದೆ ಬಂದು ಕೂರುವ ಕೊರತೆ. ಇದು ಮಾತಿನ ಚಮತ್ಕಾರದಂತೆ ಕಾಣಬಹುದು. ಆದರೆ ಬೆಂಗಳೂರಿನ ಊಟದ ತಟ್ಟೆ ಮುಂದೆ ಇಟ್ಟುಕೊಂಡರೆ ಇದೇ ಮುಖ್ಯ ತೊಂದರೆ.

ಒಂದು ಹೊತ್ತಿಗೆ 30 ಗ್ರಾಂ ಮಾತ್ರವೇ?

ಅದಕ್ಕೆ ಮೊದಲು ಒಂದು ಜಿಮ್ ನಂಬಿಕೆ. ಮೈಗೆ ಒಂದು ಸಲಕ್ಕೆ 30 ಗ್ರಾಂ ಪ್ರೋಟೀನ್ ಮಾತ್ರ ಹತ್ತುತ್ತದೆ, ಉಳಿದದ್ದು ವ್ಯರ್ಥ ಎಂಬ ಮಾತು. ಇದು ನಿಜವಾಗಿದ್ದರೆ 8 ಗಂಟೆಯಲ್ಲಿ ದಿನದ ಪ್ರೋಟೀನ್ ಮುಗಿಸುವುದೇ ದಂಡ. 2023ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು ವ್ಯಾಯಾಮದ ನಂತರ ಯುವಕರಿಗೆ ಒಂದೇ ಸಲಕ್ಕೆ 25 ಗ್ರಾಂ, 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟು ನೋಡಿದರು. 100 ಗ್ರಾಂ ವ್ಯರ್ಥವಾಗಲಿಲ್ಲ. ನಿಧಾನವಾಗಿ ಕರಗಿ, 12 ಗಂಟೆಗೂ ಮೀರಿ ಸ್ನಾಯುವಿಗೆ ಹೋಗುತ್ತಲೇ ಇತ್ತು. ಇನ್ನೊಂದು ಕಡೆ, 2013ರ ಒಂದು ಪ್ರಯೋಗದಲ್ಲಿ 80 ಗ್ರಾಂ ವೇ (ಹಾಲು ಒಡೆದಾಗ ಉಳಿಯುವ ನೀರಿನಿಂದ ತೆಗೆದ) ಪ್ರೋಟೀನನ್ನು ಮೂರು ಗಂಟೆಗೊಮ್ಮೆ 20 ಗ್ರಾಂನಂತೆ ಹಂಚಿದಾಗ, 40ರಂತೆ ಎರಡು ಸಲ ಕೊಟ್ಟದ್ದಕ್ಕಿಂತ ಒಳ್ಳೆಯ ಫಲ ಸಿಕ್ಕಿತ್ತು. ವೇ ಬೇಗ ಕರಗುತ್ತದೆ, ಊಟ ನಿಧಾನವಾಗಿ ಕರಗುತ್ತದೆ. ಹಂಚಿ ತಿನ್ನುವುದು ಸ್ವಲ್ಪ ಮೇಲು ಇರಬಹುದು, ದಿನದ ಮೊತ್ತ ಅದಕ್ಕಿಂತ ಬಹಳ ದೊಡ್ಡ ವಿಷಯ.

ಬೆಂಗಳೂರಿನ ತಟ್ಟೆಯ ಲೆಕ್ಕ

ಮೊತ್ತ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ಹೇಳುವುದು ಮೈತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ. ಭಾರ ಎತ್ತುವವರಿಗೆ ಜಗತ್ತಿನಾದ್ಯಂತ ಹೇಳುವ ಅಂಕಿ 1.6 ಗ್ರಾಂ. 2018ರಲ್ಲಿ 49 ಪ್ರಯೋಗ, 1,863 ಜನರ ಲೆಕ್ಕ ಸೇರಿಸಿ ನೋಡಿದಾಗ ಅದಕ್ಕಿಂತ ಮೇಲೆ ತಿಂದರೆ ಹೆಚ್ಚಿನ ಲಾಭ ಕಾಣಲಿಲ್ಲ. ಹೈದರಾಬಾದಿನ ಆ ಸಂಸ್ಥೆ 2024ರ ಮೇ ತಿಂಗಳಲ್ಲಿ ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಹೇಳಿದಾಗ ಜಿಮ್‌ಗಳಲ್ಲಿ ಗಲಾಟೆಯಾಯಿತು. ಅವರು ಬೇಡ ಎಂದದ್ದು ಪುಡಿಯನ್ನು, ಪ್ರೋಟೀನನ್ನಲ್ಲ. 1.6ರ ಮಿತಿಯನ್ನು ಅವರೂ ಉಲ್ಲೇಖಿಸಿದ್ದರು.

70 ಕೆಜಿ ತೂಕದವರಿಗೆ 1.6ರ ಲೆಕ್ಕದಲ್ಲಿ ದಿನಕ್ಕೆ 112 ಗ್ರಾಂ. ಈಗ ಜಯನಗರದ ಒಂದು ಸಸ್ಯಾಹಾರಿ ಮನೆಯ ಮಧ್ಯಾಹ್ನದ ಊಟ ನೋಡಿ. ಎರಡು ಚಪಾತಿ 6 ಗ್ರಾಂ. ಒಂದು ಬಟ್ಟಲು ಅನ್ನ 4. ಬೇಳೆ ಗಟ್ಟಿಯಾಗಿದ್ದರೆ ಹುಳಿಯಿಂದ 6, ತೆಳ್ಳಗಿನ ಸಾರಾದರೆ 3. ಪಲ್ಯ 2. ಒಂದು ಬಟ್ಟಲು ಮೊಸರು 5. ಎಲ್ಲ ಸೇರಿ 23. ರಾತ್ರಿಯೂ ಇಷ್ಟೇ ಅಂದುಕೊಳ್ಳೋಣ. ಸಂಜೆ ಒಂದು ಹಿಡಿ ಕಡಲೆಕಾಯಿ 7, ಒಂದು ಲೋಟ ಹಾಲು 6. ದಿನದ ಮೊತ್ತ 60ರ ಹತ್ತಿರ. ಬೇಕಾದದ್ದರ ಅರ್ಧ. ಕಡಲೆಕಾಯಿ, ಮೊಸರು ಮರೆತ ದಿನ ಅರ್ಧವೂ ಇಲ್ಲ.

ಈಗ ಬೆಳಗಿನ ತಿಂಡಿ ಬಿಟ್ಟರೆ ಎಷ್ಟು ನಷ್ಟ? ಇಲ್ಲಿ ಒಂದು ಅಚ್ಚರಿ ಇದೆ. ದರ್ಶಿನಿಯಲ್ಲಿ ನಿಂತು ತಿನ್ನುವ ಇಡ್ಲಿ-ಸಾಂಬಾರಿನಲ್ಲಿ ಹೆಚ್ಚೆಂದರೆ 8-10 ಗ್ರಾಂ ಪ್ರೋಟೀನ್. ಖಾರಾಬಾತ್‌ನಲ್ಲೂ ಅಷ್ಟರೊಳಗೆ. ಬೆಣ್ಣೆ ದೋಸೆಯ ಮಾತು ಬಿಡಿ. ಅಂದರೆ ದರ್ಶಿನಿ ತಿಂಡಿ ಬಿಟ್ಟವರು ಕ್ಯಾಲೊರಿ ಬಹಳ ಉಳಿಸುತ್ತಾರೆ, ಪ್ರೋಟೀನ್ ಸ್ವಲ್ಪವೇ ಕಳೆದುಕೊಳ್ಳುತ್ತಾರೆ. ಇವರಿಗೆ 16:8 ಅಷ್ಟೇನೂ ಕೆಟ್ಟದಲ್ಲ. ಬೆಳಗ್ಗೆ ನಾಲ್ಕು ಮೊಟ್ಟೆ, ಒಂದು ಲೋಟ ಹಾಲು ಅಭ್ಯಾಸ ಇದ್ದವರು ಬಿಟ್ಟರೆ ಮಾತ್ರ ಒಂದೇ ಏಟಿಗೆ 30 ಗ್ರಾಂ ಹೋಯಿತು. ಒಂದೇ ಗಡಿಯಾರ, ಇಬ್ಬರಿಗೆ ಎರಡು ಫಲ.

ಉಳಿದ 50 ಗ್ರಾಂ ತುಂಬುವುದು ಹೇಗೆ ಎನ್ನುವುದೇ ಪ್ರಶ್ನೆ. ಮಾಂಸ ತಿನ್ನುವವರಿಗೆ ಸುಲಭ. 150 ಗ್ರಾಂ ಕೋಳಿ, ಮೂರು ಮೊಟ್ಟೆ ಸೇರಿದರೆ ಆಯಿತು. ಸಸ್ಯಾಹಾರಿಗಳಿಗೆ ಅಗ್ಗದ ದಾರಿ ಮೀಲ್ ಮೇಕರ್. ಒಣ ಸೋಯಾ ಚಂಕ್ಸ್ 50 ಗ್ರಾಂಗೆ 26 ಗ್ರಾಂ ಪ್ರೋಟೀನ್ ಇದೆ. 100 ಗ್ರಾಂ ಪನೀರ್‌ನಲ್ಲಿ 18. ಹುರುಳಿಯಲ್ಲಿ ಬೇಳೆಯಷ್ಟೇ ಇದೆ, ಆದರೆ ಬಸ್ಸಾರಿನ ಕಟ್ಟು ಮಾತ್ರ ಕುಡಿದರೆ ಅಷ್ಟು ಸಿಗದು, ಕಾಳು ತಿನ್ನಬೇಕು. ರಾಗಿ ಮುದ್ದೆಯನ್ನು ಶಕ್ತಿಯ ಮೂಲ ಎನ್ನಬಹುದು, ಪ್ರೋಟೀನ್ ಮೂಲ ಎನ್ನಲಾಗದು. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 7 ಗ್ರಾಂ ಅಷ್ಟೇ. ಎರಡು ಸ್ಕೂಪ್ ವೇ ಪುಡಿ ಹಾಕಿದರೂ ಲೆಕ್ಕ ಮುಗಿಯುತ್ತದೆ, ಡಬ್ಬಿಯ ಮೇಲೆ ಬರೆದದ್ದು ಒಳಗಿದ್ದರೆ. 2024ರಲ್ಲಿ ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು 70%ರಷ್ಟರಲ್ಲಿ ಪ್ರೋಟೀನ್ ಲೆಕ್ಕ ಡಬ್ಬಿಗೆ ಹೊಂದಿರಲಿಲ್ಲ.

ಇದೆಲ್ಲವನ್ನೂ ಎರಡು ಊಟದಲ್ಲಿ ತುಂಬುವುದು ಹೊಟ್ಟೆಗೆ ಭಾರ. ಮೂರು ಹೊತ್ತಿನಲ್ಲಿ ಹಂಚಿದರೆ ಹಗುರ. 8 ಗಂಟೆಯೊಳಗೆ ಮಧ್ಯಾಹ್ನ, ಸಂಜೆ, ರಾತ್ರಿ ಎಂದು ಮೂರು ಸಲ ತಿನ್ನುವವರು ದಡ ಮುಟ್ಟುತ್ತಾರೆ. ಎರಡೇ ಊಟ ಮಾಡಿ, ಸಂಜೆ ಟೀ-ಬಿಸ್ಕತ್ತಿನಲ್ಲಿ ತಳ್ಳುವವರು ಮುಟ್ಟುವುದಿಲ್ಲ.

ಬೆಳಗ್ಗೆ 6ಕ್ಕೆ ಜಿಮ್, ಮಧ್ಯಾಹ್ನ 1ಕ್ಕೆ ಊಟ

ಬೆಂಗಳೂರಿನವರ ವ್ಯಾಯಾಮದ ಹೊತ್ತನ್ನು ನಿರ್ಧರಿಸುವುದು ಟ್ರಾಫಿಕ್. ಔಟರ್ ರಿಂಗ್ ರೋಡ್ ತುಂಬುವ ಮೊದಲೇ ಆಫೀಸ್ ದಾರಿ ಹಿಡಿಯಬೇಕಾದವರು 6ಕ್ಕೇ ಜಿಮ್ ಬಾಗಿಲಲ್ಲಿರುತ್ತಾರೆ. ರಾತ್ರಿ 8:30ಕ್ಕೆ ಉಂಡು, ಬೆಳಗ್ಗೆ ಎತ್ತಿ, ಮಧ್ಯಾಹ್ನ 12:30ಕ್ಕೆ ಮೊದಲ ತುತ್ತು. ವ್ಯಾಯಾಮ ಮುಗಿದು ಐದೂವರೆ ಗಂಟೆ ಇಟ್ಟಿಗೆ ಇಲ್ಲದೆ ಮೇಸ್ತ್ರಿ ಕೂತಿರುತ್ತಾನೆ. ಕೊಬ್ಬು ಇಳಿಸಬೇಕಾದವರಿಗೆ, ದಿನದ ಮೊತ್ತ ಸರಿ ಇದ್ದರೆ, ಇದರಿಂದ ದೊಡ್ಡ ನಷ್ಟವಿಲ್ಲ. ಸ್ನಾಯು ಬೆಳೆಸಬೇಕಾದವರಿಗೆ ಇದು ಕೆಟ್ಟ ಜೋಡಣೆ. ಇಂಥವರು ಅವಧಿಯನ್ನೇ ಸರಿಸಬಹುದು. ಬೆಳಗ್ಗೆ 8ರಿಂದ ಸಂಜೆ 4ರವರೆಗೆ ತಿಂದು, ಆಮೇಲೆ ಮುಚ್ಚುವುದು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ 2018ರಲ್ಲಿ ನಡೆದ ಒಂದು ಸಣ್ಣ ಪ್ರಯೋಗದಲ್ಲಿ, ಬೇಗ ತಿಂದು ಬೇಗ ಮುಗಿಸಿದಾಗ ತೂಕ ಇಳಿಯದೆಯೂ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿತು. ಆದರೆ ಮನೆಯವರೆಲ್ಲ ಒಟ್ಟಿಗೆ ಕೂರುವುದು ರಾತ್ರಿ ಊಟಕ್ಕೆ ಮಾತ್ರ. ಆ ಹೊತ್ತಿಗೆ ಒಬ್ಬರು ಬರೀ ನೀರಿನ ಲೋಟ ಹಿಡಿದು ಕೂರುವುದು ಎಷ್ಟು ತಿಂಗಳು ನಡೆದೀತು ಎನ್ನುವುದನ್ನು ಯಾವ ಪ್ರಯೋಗವೂ ಅಳೆಯುವುದಿಲ್ಲ.

ಸಂಜೆ 6-7ಕ್ಕೆ ಎತ್ತುವವರಿಗೆ ಈ ತೊಂದರೆ ಇಲ್ಲ. ಮೊದಲೂ ತಿಂದಿರುತ್ತಾರೆ, ಆಮೇಲೂ ತಿನ್ನುತ್ತಾರೆ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನ್, ಶಿವಾಜಿನಗರದ ಜಿಮ್‌ಗಳಲ್ಲಿ ಎಷ್ಟೋ ಹುಡುಗರು ವ್ಯಾಯಾಮವನ್ನು ಇಫ್ತಾರ್ ನಂತರಕ್ಕೆ ಸರಿಸುವುದೂ ಇದೇ ಲೆಕ್ಕದಲ್ಲಿ. ಅಲ್ಲಿ ನೀರೂ ಇರುವುದಿಲ್ಲವಾದ್ದರಿಂದ ಅದು ಇನ್ನೂ ಕಷ್ಟದ್ದು.

ತೆಳ್ಳಗೆ ಕಂಡರೂ ಕೊಬ್ಬು

ನಮ್ಮವರಿಗೆ ಇನ್ನೊಂದು ತೊಡಕಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಬಂತು. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ, 22.3. ಮೈಕೊಬ್ಬು ಅಳೆದರೆ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. ಕೈಕಾಲು ಸಣ್ಣ, ಹೊಟ್ಟೆ ಮುಂದೆ. ಬೆಂಗಳೂರಿನ ಐಟಿ ಆಫೀಸಿನ ಲಿಫ್ಟ್‌ನಲ್ಲಿ ಸುತ್ತ ನೋಡಿದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಮೈಯವರು ಹೊಟ್ಟೆ ಕರಗಿಸಲು ಬರೀ ಗಡಿಯಾರ ಹಿಡಿದು ಹೊರಟರೆ ಟ್ರೀಟ್ ಪ್ರಯೋಗದ ಕಥೆಯೇ ಮತ್ತೆ ಆಗುವ ಸಾಧ್ಯತೆ ಇದೆ. ಮೊದಲೇ ಕಡಿಮೆ ಇರುವ ಸ್ನಾಯು ಇನ್ನೂ ಕಡಿಮೆ. ತಕ್ಕಡಿ ಎರಡು ಕೆಜಿ ಇಳಿದದ್ದು ತೋರಿಸುತ್ತದೆ, ಕನ್ನಡಿಯಲ್ಲಿ ಹೊಟ್ಟೆ ಹಾಗೇ ಇರುತ್ತದೆ. 2025ರ ಮಾರ್ಚ್‌ನಿಂದ ಭಾರತದಲ್ಲಿ ಸಿಗುವ ಮೌಂಜಾರೊದಂಥ, ಹಸಿವು ತಗ್ಗಿಸಿ ತೂಕ ಇಳಿಸುವ ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹಸಿವೇ ಇಲ್ಲದವರು ಅದರ ಮೇಲೆ 16 ಗಂಟೆ ಉಪವಾಸವನ್ನೂ ಸೇರಿಸಿದರೆ ಪ್ರೋಟೀನ್ ಎಲ್ಲಿಂದ ಬರಬೇಕು?

ಒಣಕಲು ಮೈಯ ಹುಡುಗರು ಬಲ್ಕಿಂಗ್ (ಮೈ ತುಂಬಿಸಿಕೊಳ್ಳುವ ಕೆಲಸ) ಮಾಡುತ್ತಾ ಐಎಫ್ ಮಾಡುವುದಂತೂ ಅರ್ಥವಾಗದ ಸಂಗತಿ. ಅವರಿಗೆ ಬೇಕಿರುವುದು ಜಾಸ್ತಿ ತಿನ್ನುವುದು. 16:8ರ ಶಕ್ತಿ ಇರುವುದೇ ಕಡಿಮೆ ತಿನ್ನಿಸುವುದರಲ್ಲಿ.

ಯಾರು ಕೈ ಹಾಕಬಾರದು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ತಿಂಡಿ ಬಿಟ್ಟು ಭಾರ ಎತ್ತಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇದು ಹೆದರಿಸಲು ಹೇಳುವ ಮಾತಲ್ಲ, ಮಾತ್ರೆ ಕೆಲಸ ಮಾಡುವ ರೀತಿಯೇ ಅದು. ಬಸುರಿ, ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ, ಊಟದ ವಿಷಯದಲ್ಲಿ ಮೊದಲೇ ಮನಸ್ಸು ಕೆಡಿಸಿಕೊಂಡವರಿಗೆ ಇದು ಬೇಡ. ಗಟ್ಟಿಯಾಗಿ ವ್ಯಾಯಾಮ ಮಾಡುವ ಹೆಂಗಸರಲ್ಲಿ ಮುಟ್ಟು ತಪ್ಪಿದರೆ, ಮೈಗೆ ಸಿಗುವ ಶಕ್ತಿ ಸಾಲುತ್ತಿಲ್ಲ ಎಂಬುದರ ಸೂಚನೆ ಇರಬಹುದು. ಆಗ ಮೊದಲು ಬಿಡಬೇಕಾದದ್ದು ಉಪವಾಸ, ವ್ಯಾಯಾಮ ಅಲ್ಲ.

ಹೃದಯದ ಚಿಂತೆ ಇರುವವರಿಗೆ 135%ರ ಸುದ್ದಿಗಿಂತ ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ, ಸಿಗರೇಟು ಈ ನಾಲ್ಕರ ಲೆಕ್ಕ ಹೆಚ್ಚು ಹೇಳುತ್ತದೆ. ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿಗೇ ಹೃದಯದ ತೊಂದರೆ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಬೇಕು, ಟ್ರೇನರಿಗೆ ಮಾತ್ರ ಹೇಳಿದರೆ ಸಾಲದು.

ಕೊನೆಗೆ, ಫಿಲ್ಟರ್ ಕಾಫಿ

ಈ ಊರಿನಲ್ಲಿ ಉಪವಾಸದ ಬಗ್ಗೆ ಜಾಸ್ತಿ ಜನ ಕೇಳುವ ಪ್ರಶ್ನೆ ಸ್ನಾಯುವಿನದಲ್ಲ. 'ಬೆಳಗ್ಗೆ ಒಂದು ಲೋಟ ಕಾಫಿ ಕುಡಿದ್ರೆ ಉಪವಾಸ ಮುರೀತಾ?' ಎಂಬುದು. ಹಾಲು, ಸಕ್ಕರೆ ಇಲ್ಲದ ಕಪ್ಪು ಕಾಫಿಯಲ್ಲಿ ಕ್ಯಾಲೊರಿ ಇಲ್ಲವೆನ್ನುವಷ್ಟು ಕಡಿಮೆ, ಮುರಿಯುವುದಿಲ್ಲ. ದರ್ಶಿನಿಯ ಲೋಟದಲ್ಲಿ ಹಾಲು, ಎರಡು ಚಮಚ ಸಕ್ಕರೆ ಸೇರಿ ಸುಮಾರು 80 ಕ್ಯಾಲೊರಿ, 2-3 ಗ್ರಾಂ ಪ್ರೋಟೀನ್. ಗಡಿಯಾರದ ಕಟ್ಟುನಿಟ್ಟಿನವರ ಪ್ರಕಾರ ಅದು ಮುರಿದಂತೆಯೇ. ಆದರೆ ಪಡೋವಾದ ಲೆಕ್ಕವೂ ಟಿನ್ಸ್ಲಿಯ ಲೆಕ್ಕವೂ ತೋರಿಸಿದಂತೆ ಭಾರ ಎತ್ತುವವರಿಗೆ ತೂಗುವುದು ದಿನದ ಮೊತ್ತ. ಆ ಮೊತ್ತದಲ್ಲಿ 80 ಕ್ಯಾಲೊರಿ ಸೇರಿಸಿಕೊಂಡರೆ ಸಾಕು. ಸಕ್ಕರೆ ಬಿಟ್ಟರೆ 50ಕ್ಕೆ ಇಳಿಯುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರ ಲೆಕ್ಕ ಬೇರೆ.